ನಲವತ್ತೊಂದು ಗುಡ್ಡೆ

ಗುಡ್ಡಗಾಡಿನ ಹಳ್ಳಿ ಬಾಂಝಖರ್ಕದ ಖಿನಮಾಯಾ ದಿನಕ್ಕೆ ಎಷ್ಟು ಸಲ ‘ಛೀ’ ಅನ್ನುತ್ತಾಳೆಂದು ಎಣಿಸಿದವರಿಲ್ಲ. ಕೋಳಿ ಒಳಮನೆಗೆ ನುಗ್ಗಿದರೆ ಛೀ. ಗಂಡ ಜಿತೆ ಮೂಗು ಹಿಂಡಿ ಕೈಯನ್ನು ಕಂಬಕ್ಕೆ ಒರೆಸಿದರೆ ಛೀ. ರೇಡಿಯೋದಲ್ಲಿ ಮಂತ್ರಿ ಬಾಯಿ ತೆರೆದರೆ ಛೀ. ಒಂದು ಮದುವೆ ಮನೆಯಲ್ಲಿ ಬಡಿಸುವವನು ಬೆರಳು ನೆಕ್ಕಿದ್ದನ್ನು ಕಂಡು ಎಲೆಯ ಮುಂದಿನಿಂದ ಎದ್ದು ಬಂದವಳು ಅವಳು. ಸಗಣಿ ತುಳಿದರೂ ಅದೇ ಮುಖ, ಸುಳ್ಳು ಕೇಳಿದರೂ ಅದೇ ಮುಖ. ಎರಡೂ ಅವಳಿಗೆ ಒಂದೇ ಥರದ ಹೇಸಿಗೆ, ಎರಡನ್ನೂ ತೊಳೆದುಕೊಳ್ಳುವವರೆಗೆ ಸಮಾಧಾನವಿಲ್ಲ.

ಇಂಥವಳನ್ನು ಊರು ಸಹಿಸಿಕೊಂಡದ್ದು ಅವಳ ಕಣ್ಣಿನ ದೆಸೆಯಿಂದ. ಓದುಬರಹ ಬಾರದು, ಆದರೆ ಕಣ್ಣೇ ತಕ್ಕಡಿ. ಇಪ್ಪತ್ತಾರು ವರ್ಷದ ಹಿಂದೆ ಊರವರು ಕಾಡಿನ ಗುಂಪು ಕಟ್ಟಿಕೊಂಡು ಮೊದಲ ಸಲ ಕಾಡು ಸವರಿದಾಗ, ಕಟ್ಟಿಗೆಯ ಎರಡು ಗುಡ್ಡೆಗಳಲ್ಲಿ ಒಂದು ದೊಡ್ಡದಾಯಿತೆಂದು ಅಣ್ಣತಮ್ಮ ಇಬ್ಬರು ಖುಕುರಿ ಕತ್ತಿ ಹಿರಿದು ನಿಂತಿದ್ದರು. ದೊಡ್ಡವರೆಲ್ಲ ದೂರದಲ್ಲಿ ನಿಂತು ನ್ಯಾಯ ಹೇಳುತ್ತಿದ್ದರು. ಸೊಸೆಯಾಗಿ ಬಂದು ಹತ್ತು ವರ್ಷವಾದರೂ ಆಗಿನ್ನೂ ತಲೆ ತಗ್ಗಿಸಿ ನಡೆಯುತ್ತಿದ್ದ ಖಿನಮಾಯಾ ಎದ್ದುಹೋಗಿ, ಆ ಗುಡ್ಡೆಯಿಂದ ಒಂದು ತುಂಡನ್ನು ಎತ್ತಿ ಈ ಗುಡ್ಡೆಗೆ ಹಾಕಿ, “ಛೀ, ಇಷ್ಟಕ್ಕೆ ಹೊಡ್ಕೊಂಡ್ ಸಾಯ್ತೀರಾ?” ಅಂದಳು. ಎರಡನ್ನೂ ಹೊರೆ ಕಟ್ಟಿ ಹೊತ್ತು ನೋಡಿದರು. ಒಂದು ಹಿಡಿ ಪುರಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಅಂದಿನಿಂದ ಪ್ರತಿ ಮಾಘದಲ್ಲೂ ಪಾಲು ಹಾಕುವವಳು ಅವಳೇ.

ಪಾಲು ಎತ್ತುವುದಕ್ಕೂ ಒಂದು ಕ್ರಮವಿದೆ. ಗುಡ್ಡೆಗಳನ್ನು ಸಾಲಾಗಿ ಹಾಕಿದ ಮೇಲೆ ಮನೆಗೊಂದು ಗುರುತು ಕೊಡಬೇಕು. ಒಬ್ಬರು ಅಂಗಿಯ ಗುಂಡಿ, ಒಬ್ಬರು ಹುಣಸೆಬೀಜ, ಒಬ್ಬರು ಬೀಡಿ ತುಂಡು, ಯಾವುದಾದರೂ ಆದೀತು. ಎಲ್ಲವನ್ನೂ ಗುಂಪಿನ ಅಧ್ಯಕ್ಷನ ಟೋಪಿಯಲ್ಲಿ ಹಾಕಿ ಅಲ್ಲಾಡಿಸುತ್ತಾರೆ. ಕಣ್ಣು ಮಂಜಾದ ರಣೆ ಕಾಕಾ ಒಂದೊಂದನ್ನೇ ತೆಗೆದು ಗುಡ್ಡೆಗೊಂದರಂತೆ ಇಡುತ್ತಾನೆ. ಯಾರ ಗುರುತು ಎಲ್ಲಿ ಬಿತ್ತೋ ಅದು ಅವರ ಪಾಲು. ಪಾಲು ಹಾಕಿದವಳು ಗುರುತು ಕೊಡುವ ಹಾಗಿಲ್ಲ, ಎಲ್ಲರೂ ಎತ್ತಿದ ಮೇಲೆ ಉಳಿದದ್ದು ಅವಳಿಗೆ.

ಊರಲ್ಲಿ ನಲವತ್ತೊಂದು ಮನೆ. ನಲವತ್ತು ಮಗರ ಜನದವು, ತೊರೆಯ ಪಕ್ಕದ ಒಂದು ಮನೆ ಕಮ್ಮಾರನದು, ಆ ಜಾತಿಗೆ ಅಲ್ಲಿ ಕಾಮಿ ಅನ್ನುತ್ತಾರೆ. ಆ ಮನೆಯ ಗುಡ್ಡೆ ಸಾಲಿನಲ್ಲಿ ಇರುತ್ತಿರಲಿಲ್ಲ. ಆಚೆ ತುರಚಿ ಗಿಡಗಳ ಪಕ್ಕ ಬೇರೆಯಾಗಿ ಇರುತ್ತಿತ್ತು. ಅದಕ್ಕೆ ಗುರುತಿಲ್ಲ, ಟೋಪಿಯಿಲ್ಲ. ಹಾಗೆಂದು ಯಾರೂ ನಿಯಮ ಬರೆದಿರಲಿಲ್ಲ, ಹಾಗೇ ನಡೆದು ಬಂದಿತ್ತು.

ಆ ವರ್ಷ ಸಂಕ್ರಾಂತಿಯಾದ ಐದನೇ ದಿನ ಕಾಡು ಸವರಲು ಕೂಡಿದರು. ಮನೆಗೊಬ್ಬರು ಬರಬೇಕು, ಕೂಲಿಯಿಲ್ಲ, ಬಾರದ ಮನೆಗೆ ಪಾಲಿಲ್ಲ. ಅರಳಿಕಟ್ಟೆಯ ಬಳಿ ಬ್ಯಾನರ್ ಕಟ್ಟಿತ್ತು. ಅಧ್ಯಕ್ಷ ದಲ್ಬೀರ್ ಆಲೆ, ಭಾರತದ ಪಲ್ಟನ್ನಿನಲ್ಲಿ ದುಡಿದು ಬಂದವನು, ಹೊಸ ಢಾಕಾ ಟೋಪಿ ಏರಿಸಿ ಕೊಡಲಿ ಹೆಗಲ ಮೇಲಿಟ್ಟು ಮೂರು ಸಲ ಫೋಟೋ ಹೊಡೆಸಿಕೊಂಡ. ಆಮೇಲೆ ಭಾಷಣ.

“ಈ ಕಾಡು ಒಬ್ಬರದಲ್ಲ. ಇಲ್ಲಿ ದೊಡ್ಡೋರಿಲ್ಲ, ಚಿಕ್ಕೋರಿಲ್ಲ. ನಾವೆಲ್ಲ ಒಂದೇ ಬೇರಿನ ಮರಗಳು.”

“ಒಂದೇ ಬೇರಂತೆ,” ಖಿನಮಾಯಾ ಪಕ್ಕದ ಮನೆಯ ಕೇಸರಿಯ ಕಿವಿಯಲ್ಲಿ ಅಂದಳು. “ಹೋದ್ವರ್ಷ ಇವನ ದನ ನಾವು ನೆಟ್ಟ ಸಸಿ ಮೇಯ್ದಾಗ ಬೇರು ಬೇರೆ ಆಗಿತ್ತು. ಛೀ.”

ಕೇಸರಿ ನಕ್ಕಳು. ಭಾಷಣದ ಫೋಟೋದಲ್ಲಿ ಅವಳ ನಗು ಚೆನ್ನಾಗಿ ಬಂದಿತ್ತು.

ನಿಯಮ ಸುಲಭ. ಸತ್ತದ್ದು, ಸಾಯುತ್ತಿರುವುದು, ರೋಗ ಬಂದದ್ದು, ಡೊಂಕಾದದ್ದು, ಈ ನಾಲ್ಕನ್ನು ಕಡಿದು ನೆಟ್ಟಗಿರುವುದಕ್ಕೆ ಗಾಳಿ ಬೆಳಕು ಬಿಡಬೇಕು. ಖಿನಮಾಯಾ ಸೊಸೆಯಾಗಿ ಬಂದಾಗ ಆ ಇಳಿಜಾರಿನಲ್ಲಿ ಇದ್ದದ್ದು ಕೆಂಪು ಮಣ್ಣು ಮಾತ್ರ. ಒಂದು ಹೊರೆ ಸೌದೆಗೆ ಅರ್ಧ ದಿನದ ದಾರಿ ನಡೆಯುತ್ತಿದ್ದಳು. ಈಗಿರುವ ಕಟುಸ್ ಮರಗಳಲ್ಲಿ ಕಾಲು ಪಾಲಿಗೆ ಅವಳು ಕೈಯಾರೆ ಗುಣಿ ತೋಡಿದ್ದಾಳೆ. ಕಟುಸ್ ಗಟ್ಟಿ ಮರ, ಒಲೆಗೆ ಹಾಕಿದರೆ ರಾತ್ರಿಯಿಡೀ ಕೆಂಡ ಉಳಿಯುತ್ತದೆ. ತೊರೆಯ ಅಂಚಿನಲ್ಲಿ ತಾನಾಗಿ ಹುಟ್ಟುವ ಉತ್ತೀಸ ಹಾಗಲ್ಲ. ಬೇಗ ಬೆಳೆಯುತ್ತದೆ, ಬೇಗ ಉರಿಯುತ್ತದೆ, ತಿರುಗಿ ನೋಡುವಷ್ಟರಲ್ಲಿ ಬೂದಿ.

ಗಂಡಸರು ಕಡಿಯುತ್ತ ಹೋದರು, ಖಿನಮಾಯಾ ಬೈಯುತ್ತ ಹಿಂದೆ ಹೋದಳು. ಒಬ್ಬ ಮೊಣಕಾಲೆತ್ತರದ ಮೋಟು ಬಿಟ್ಟಿದ್ದ.

“ಏ ಭಾಯಿ, ಇದೇನ್ ಮರ ಕಡ್ದಿದ್ದೋ, ಕೂರೋಕೆ ಮಣೆ ಮಾಡ್ಕೊಂಡಿದ್ದೋ? ಸೊಂಟ ಬಗ್ಗಲ್ವಾ?”

“ಬೆನ್ನು ನೋವು ದಿದಿ.”

“ಜಾಂಡ್ ಹೆಂಡದ ಗಡಿಗೆ ಮುಂದೆ ಬಗ್ಗೋವಾಗ ಎಲ್ಲೋಗಿತ್ತು ನೋವು?”

ಇನ್ನೊಬ್ಬ ನೇಗಿಲಿನ ಉದ್ದ ದಂಡಕ್ಕೆ ಹೊಂದುತ್ತದೆಂದು ಬಾಣದಂತೆ ನೆಟ್ಟಗಿದ್ದ ಎಳೆಯ ಕಟುಸನ್ನು ಉರುಳಿಸಿ, ಎಲೆ ಮುಚ್ಚಿ, ಅದರ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. ಖಿನಮಾಯಾ ಕಾಲಿನಿಂದ ಎಲೆ ಸರಿಸಿದಳು.

“ಡೊಂಕಾಗಿತ್ತು ಭಾವುಜು,” ಅಂದ ಅವನು, ವರಸೆಯಲ್ಲಿ ಮೈದುನ.

“ಡೊಂಕು ಮರದಲ್ಲಿಲ್ಲ, ನಿನ್ ಹೊಟ್ಟೇಲಿದೆ. ಛೀ! ನಾನ್ ನೀರು ಹೊತ್ ಹಾಕಿ ಬೆಳೆಸಿದ್ದು ಇದನ್ನ.”

ಹತ್ತು ಗಂಟೆಯ ಹೊತ್ತಿಗೆ ಗಂಡಸರು ಇನ್ನೊಂದು ರಾಗ ತೆಗೆದರು. ಕೊಡಲಿ ಸರಿಯಿಲ್ಲ, ಬಾಯಿ ಮಡಚಿಕೊಳ್ಳುತ್ತಿದೆ, ನಾಲ್ಕು ಏಟಿಗೆ ಮೊಂಡು. ಕಾಡು ಸವರುವ ಮುಂಚಿನ ವಾರ ಊರಿನ ಅಷ್ಟೂ ಕೊಡಲಿ ಖುಕುರಿಗಳನ್ನು ಕಾಯಿಸಿ ಬಡಿದು ಹದ ಮಾಡಿಕೊಡುವುದು ಕಾಮಿ ಮನೆಯ ಕೆಲಸ. ಎರಡು ವರ್ಷದ ಹಿಂದೆ ಕಾಮಿಯ ಬಲಗೈ ಜಜ್ಜಿಹೋದ ಮೇಲೆ ಅವನ ಹೆಂಡತಿ ಮೋತಿಸರಾ ಸುತ್ತಿಗೆ ಹಿಡಿದಿದ್ದಳು.

“ಹೆಂಗಸು ಬಡಿದ ಕಬ್ಬಿಣ, ಇನ್ನೇನಾಗುತ್ತೆ!” ಅಂದ ದಲ್ಬೀರ್.

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ,” ಖಿನಮಾಯಾ ಅಲ್ಲೇ ಕೊಟ್ಟಳು. “ತೋಳಲ್ಲಿ ಕಸುವಿಲ್ಲ, ಕೊಡ್ಲಿ ಮೇಲೆ ದೂರು. ತನ್ನಿ ಇಲ್ಲಿ, ತೋರಿಸ್ತೀನಿ.”

ತನ್ನದೇ ಕೊಡಲಿ ಎತ್ತಿ ಒಣಗಿ ನಿಂತಿದ್ದ ಕಟುಸಿಗೆ ಇಟ್ಟಳು. ಮೊದಲ ಏಟು ಇಳಿಯಿತು. ಎರಡನೆಯದು ಜಾರಿತು. ಮೂರನೆಯದಕ್ಕೆ ಅಲಗು ರೊಟ್ಟಿಯಂಚಿನ ಹಾಗೆ ಮಡಚಿಕೊಂಡಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಖಿನಮಾಯಾಳ ಮುಖ ಹುಳಿ ಕುಡಿದಂತಾಯಿತು. ಊರೆಲ್ಲ ಕಳ್ಳತನ ಮಾಡುತ್ತದೆ ಸರಿ, ಕಬ್ಬಿಣವೂ ಕಳ್ಳತನ ಮಾಡಿದರೆ ಹೇಗೆ?

ನಡುಹಗಲಿಗೆ ಎಲ್ಲರೂ ಝರಿಯ ಬಳಿ ಅವಲಕ್ಕಿ, ಆಲೂಗೆಡ್ಡೆ ಪಲ್ಯ, ರಾಗಿಯ ಜಾಂಡ್ ಇಟ್ಟುಕೊಂಡು ಕುಳಿತರು. ಮೋತಿಸರಾ ಹತ್ತು ಮಾರು ಕೆಳಗೆ ಒಂದು ಬಂಡೆಯ ಮೇಲೆ ಕುಳಿತು ಹುರಿದ ಜೋಳ ತಿನ್ನುತ್ತಿದ್ದಳು. ಅವಳ ತಂಬಿಗೆಗೆ ಕೇಸರಿ ಮೇಲಿನಿಂದ ನೀರು ಹುಯ್ದು ಬಂದಿದ್ದಳು, ತಂಬಿಗೆಗೆ ತಂಬಿಗೆ ತಾಗದ ಹಾಗೆ. ತಾಗಿದರೆ ಮೈಲಿಗೆ ಕಳೆಯಲು ಕಿವಿಯ ಚಿನ್ನಕ್ಕೆ ಮುಟ್ಟಿಸಿದ ನೀರನ್ನು ಮೈಮೇಲೆ ಚಿಮುಕಿಸಿಕೊಂಡೇ ಮನೆಯೊಳಕ್ಕೆ ಹೋಗಬೇಕು. ಇದೆಲ್ಲ ಕೂಡದೆಂದು ಕಾನೂನು ಬಂದು ಎಷ್ಟೋ ಕಾಲವಾಗಿದೆ. ಕಾನೂನು ಕಾಠ್ಮಾಂಡುವಿನಲ್ಲಿದೆ, ಚಿನ್ನ ಕಿವಿಯಲ್ಲೇ ಇದೆ.

ಖಿನಮಾಯಾ ಕೊಡಲಿ ಹಿಡಿದು ಕೆಳಗಿಳಿದಳು.

“ಏ ಕಾಮಿಯವಳೇ! ಇದೇನ್ ಕೊಡ್ಲಿನಾ, ಬಾಳೆ ಎಲೆನಾ?” ಅನ್ನುತ್ತ ಅದನ್ನು ನೆಲದ ಮೇಲಿಟ್ಟಳು.

ಮೋತಿಸರಾ ಜೋಳದ ಕೈ ಒರೆಸಿಕೊಂಡು, ನೆಲದಿಂದ ಎತ್ತಿಕೊಂಡು, ಹೆಬ್ಬೆರಳನ್ನು ಅಲಗಿನ ಮೇಲೆ ಆಡಿಸಿದಳು. “ಹದ ಹಿಡಿದಿಲ್ಲ ದಿದಿ.”

“ಅದು ನಂಗೂ ಕಾಣುತ್ತೆ. ಯಾಕ್ ಹಿಡಿದಿಲ್ಲ? ಗಂಡನ ಕೈ ಹೋದ್ಮೇಲೆ ನಿಂಗ್ ಬರಲ್ಲ ಅನ್ನು. ತಾನ್ಸೇನ್ ಪೇಟೆಯಿಂದ ತರಿಸ್ಕೋತೀವಿ. ಊರೋರ ಮುಂದೆ ನನ್ ಮಾನ ಕಳೆದ್ಯಲ್ಲ.”

“ಬರಲ್ಲ ಅಂತಲ್ಲ. ಗಂಡನ ಕೈ ಹೋಗೋಕ್ ಮುಂಚೆನೂ ಅರ್ಧ ಬಡೀತಿದ್ದೋಳು ನಾನೇ. ಇದ್ದಿಲಿಲ್ಲ ದಿದಿ.”

“ವರ್ಷ ವರ್ಷ ಕಟ್ಟಿಗೆ ಹೊತ್ಕೊಂಡ್ ಹೋಗ್ತೀಯಲ್ಲ?”

“ಉತ್ತೀಸ ಹೊತ್ಕೊಂಡ್ ಹೋಗ್ತೀನಿ. ಅದರ ಇದ್ದಿಲು ತಿದಿ ಒತ್ತಿದ್ರೆ ಹೊಟ್ಟಿನ ಹಾಗೆ ಹಾರುತ್ತೆ. ಕಬ್ಬಿಣ ಒಳಗಿಂದ ಕಾಯೋಕ್ ಮುಂಚೆನೇ ಬೂದಿ. ನಮ್ಮಾವ ಎಲ್ಲೆಲ್ಲಿಂದಲೋ ಕಟುಸಿನ ಇದ್ದಿಲು ಕೂಡಿಟ್ಟಿದ್ರು, ಅದರಲ್ಲೇ ಇಷ್ಟು ವರ್ಷ ಎಳೆದ್ವಿ. ಹೋದ್ ದಸರಾಕ್ಕೆ ಅದೂ ಮುಗೀತು.” ಮೋತಿಸರಾ ಕೊಡಲಿಯನ್ನು ಮತ್ತೆ ನೆಲದ ಮೇಲಿಟ್ಟಳು. “ಈ ಸಲಾನೂ ಉತ್ತೀಸನೇ ಬಂದ್ರೆ ಕುಲುಮೆ ಮುಚ್ತೀನಿ. ನೀವು ಪೇಟೆ ಕೊಡ್ಲಿನೇ ತರಿಸ್ಕೊಳ್ಳಿ. ನಾವು ಇನ್ನೆಲ್ಲಾದ್ರೂ ಕೂಲಿ ನೋಡ್ಕೋತೀವಿ.”

“ನಿಂಗೆ ಉತ್ತೀಸನೇ ಯಾಕ್ ಬರುತ್ತೆ?”

ಖಿನಮಾಯಾ ನಿಜವಾಗಿಯೇ ಕೇಳಿದ್ದಳು. ಯಾವನೋ ಕದ್ದಿರಬೇಕು, ಯಾರೆಂದು ಗೊತ್ತಾದರೆ ಈಗಲೇ ಹೋಗಿ ಜನ್ಮ ಜಾಲಾಡಬೇಕು ಅನ್ನುವ ಆವೇಶದಲ್ಲಿದ್ದಳು. ಮೋತಿಸರಾ ಅವಳ ಮುಖವನ್ನೇ ನೋಡಿದಳು. ಅಣಕಿಸುತ್ತಿದ್ದಾಳೋ ಏನೋ ಎಂದು ಅವಳಿಗೆ ಅನುಮಾನ ಬಂದಿರಬೇಕು.

“ಗುಡ್ಡೆ ಹಾಕೋರು ನೀವಲ್ವಾ ದಿದಿ,” ಅಂದಳು.

ಖಿನಮಾಯಾ ಮೇಲೆ ಬಂದು ಅವಲಕ್ಕಿಯ ಮುಂದೆ ಕುಳಿತಳು, ತಿನ್ನಲಾಗಲಿಲ್ಲ. ತಾನು ಕಳ್ಳಿಯೇ? ಇಪ್ಪತ್ತಾರು ವರ್ಷದಲ್ಲಿ ಒಂದು ಚಕ್ಕೆಯನ್ನು ತನ್ನ ಮನೆಗೆ ಹೆಚ್ಚು ಒಯ್ದವಳಲ್ಲ. ಆ ತುರಚಿ ಗಿಡದ ಪಕ್ಕದ ಗುಡ್ಡೆಯಲ್ಲಿ ಏನಿರುತ್ತಿತ್ತೆಂದು ನೆನಪಿಸಿಕೊಳ್ಳಲು ನೋಡಿದಳು. ನೆನಪೇ ಆಗಲಿಲ್ಲ. ನಲವತ್ತು ಗುಡ್ಡೆಗಳನ್ನು ಹಾಕುವಾಗ ಎರಡೆರಡು ಸಲ ಸುತ್ತಿ ನೋಡುತ್ತಿದ್ದ ಕಣ್ಣು ಅದನ್ನು ಮಾತ್ರ ನೋಡಿಯೇ ಇರಲಿಲ್ಲ.

ಮಧ್ಯಾಹ್ನದ ಇಳಿಹೊತ್ತಿಗೆ ಕಡಿದದ್ದನ್ನೆಲ್ಲ ಬಯಲಿಗೆ ಎಳೆದು ತಂದರು. ಖಿನಮಾಯಾ ಸೆರಗು ಕಟ್ಟಿ ನಿಂತಳು. ಉಳಿದವರು ಬಿಸಿಲಿಗೆ ಬೆನ್ನು ಕೊಟ್ಟು ಜಾಂಡ್ ಮುಗಿಸುತ್ತ ಹರಟುತ್ತಿದ್ದರು. ಅವಳ ಕೈ ಎಂದಿನಂತೆ ನಡೆಯಿತು. ದಪ್ಪ ತುಂಡು ಇಲ್ಲಿ, ಅದಕ್ಕೆ ಸರಿಯಾಗಿ ಎರಡು ಸಣ್ಣವು ಅಲ್ಲಿ. ರಾಶಿಯಲ್ಲಿ ಒಂದು ಉತ್ತೀಸದ ತುಂಡು ಸಿಕ್ಕಿತು. ಕೈ ಅದನ್ನು ಎತ್ತಿ ಬೀಸಿತು. ಅದು ಹೋಗಿ ತುರಚಿ ಗಿಡದ ಪಕ್ಕ ಬಿತ್ತು.

ಖಿನಮಾಯಾ ನಿಂತುಬಿಟ್ಟಳು. ತಿರುಗಿ ನೋಡಿದರೆ ಅಲ್ಲಿ ಆಗಲೇ ಐದಾರು ತುಂಡು ಬಿದ್ದಿದ್ದವು, ಎಲ್ಲ ಉತ್ತೀಸವೇ. ಯಾರೂ ಹೇಳಿಕೊಟ್ಟಿರಲಿಲ್ಲ. ಒಗ್ಗರಣೆಗೆ ಹಾಕುವಾಗ ಕೊಳೆತ ಈರುಳ್ಳಿಯನ್ನು ಕೈ ತಾನಾಗಿ ಆಚೆ ಎಸೆಯುವುದಿಲ್ಲವೇ, ಹಾಗೆ ಎಸೆದಿತ್ತು. ಅವಳು ಆ ಕೈಯನ್ನು ಲಂಗಕ್ಕೆ ಉಜ್ಜಿಕೊಂಡಳು.

ಆಮೇಲೆ ತುರಚಿಯ ಬಳಿ ಹೋಗಿ ಒಂದೊಂದೇ ತುಂಡನ್ನು ಎತ್ತಿ ತಂದಳು. ಮೊಣಕೈಗೆ ತುರಚಿ ತಾಗಿ ದದ್ದು ಎದ್ದಿತು. ಹಾಕಿದ್ದ ಗುಡ್ಡೆಗಳನ್ನೆಲ್ಲ ಕೆಡವಿ ಹೊಸದಾಗಿ ಶುರು ಮಾಡಿದಳು. ಪ್ರತಿಯೊಂದಕ್ಕೂ ಕಟುಸ್, ಪ್ರತಿಯೊಂದಕ್ಕೂ ಮೂರೋ ನಾಲ್ಕೋ ತುಂಡು ಉತ್ತೀಸ. ಬಿಸಿಲು ಗುಡ್ಡದ ಹಿಂದೆ ಸರಿಯುವ ಹೊತ್ತಿಗೆ ಒಂದೇ ಸಾಲಿನಲ್ಲಿ ನಲವತ್ತೊಂದು ಗುಡ್ಡೆ ನಿಂತಿದ್ದವು.

ದಲ್ಬೀರ್ ಟೋಪಿ ತೆಗೆದು ಬಂದ. ಗುಂಡಿ, ಬೀಜ, ಬೀಡಿ ತುಂಡುಗಳು ಬಿದ್ದವು, ಅವನು ಎಣಿಸಿದ.

“ಮೂವತ್ತೊಂಬತ್ತು. ನಿಂದು ಉಳಿದಿದ್ದು ದಿದಿ. ಸರಿ, ಕಾಕಾನ ಕರೀರಿ.”

“ಇನ್ನೊಂದು ಬರ್ಬೇಕು,” ಅಂದಳು ಖಿನಮಾಯಾ.

“ಯಾರ್ದು?”

“ಮೋತಿಸರಾದು.”

ದಲ್ಬೀರ್ ನಕ್ಕ. “ಅವರದು ಆ ಕಡೆ ಇರುತ್ತಲ್ಲ, ಕೊನೇದು.”

“ಯಾವ ಕೊನೆ? ನೋಡು ಭಾಯಿ, ಎಲ್ಲ ಒಂದೇ ಸಾಲು. ಅವಳದು ಯಾವುದು ಅಂತ ನಂಗೂ ಗೊತ್ತಿಲ್ಲ.”

ಹರಟೆ ನಿಂತಿತು. ನೆರೆದವರೆಲ್ಲ ಗುಡ್ಡೆ ನೋಡಿದರು, ಆಮೇಲೆ ಟೋಪಿ ನೋಡಿದರು. ದೂರದಲ್ಲಿ ನಿಂತಿದ್ದ ಮೋತಿಸರಾಳನ್ನು ಯಾರೂ ನೋಡಲಿಲ್ಲ. ದಲ್ಬೀರನ ಕೈ ಟೋಪಿಯ ಬಾಯಿಯನ್ನು ತಾನಾಗಿ ಮುಚ್ಚಿಕೊಂಡಿತ್ತು. ಹೊಸ ಟೋಪಿ, ಇನ್ನು ಅರ್ಧ ಗಳಿಗೆಗೆ ತಲೆಯ ಮೇಲೆ ಏರಬೇಕಾದದ್ದು.

“ನಂದೇನೂ ಇಲ್ಲಪ್ಪ,” ಅಂದ. “ಈಗಿನ ಕಾಲದಲ್ಲಿ ಅದೆಲ್ಲ ಎಲ್ಲಿದೆ! ಆದ್ರೆ ಹಿರಿಯರಿದ್ದಾರೆ, ಅವರ ಮನಸ್ಸು...”

ಹಿರಿಯರು ಕಿರಿಯರನ್ನು ನೋಡಿದರು. ಕಿರಿಯರು ಮೊಬೈಲ್ ನೋಡಿದರು. “ದಿದಿ, ಸುಮ್ನೆ ಹೊತ್ತಾಗುತ್ತೆ,” ಅಂದಳು ಕೇಸರಿ, “ಯಾವುದಾದ್ರೂ ಒಂದು ಗುಡ್ಡೆ ಆಕಡೆ ಎಳೆದ್ರಾಯ್ತು. ಅವಳೇನ್ ಬೇಡ ಅಂತಾಳಾ?”

“ಛೀ!” ಅಂದಳು ಖಿನಮಾಯಾ. ಬೆಳಗಿನಿಂದ ಅಂದದ್ದೆಲ್ಲ ಒಂದು ತೂಕ, ಇದು ಒಂದು ತೂಕ. “ಅವಳು ಮಸೆದ ಕುಡಗೋಲಲ್ಲಿ ನಿಮ್ ಸೊಪ್ಪು ಹೆಚ್ತೀರಿ, ಅವಳು ಬಡಿದ ಖುಕುರೀಲಿ ದಸರಾ ಕೋಣ ಕಡೀತೀರಿ. ಅವಳಿಗೆ ಬೂದಿ ಕೊಟ್ಟು ಹದ ಕೇಳ್ತೀರಿ. ಕೊಡ್ಲಿ ಮಡಚಿದ್ದು ಯಾಕೆ ಗೊತ್ತಾ? ನಾವ್ ಕೊಟ್ಟ ಉತ್ತೀಸದಿಂದ. ನಾನ್ ಕೊಟ್ಟಿದ್ದು! ನಂಗೇ ಹೇಸಿಗೆ ಆಗ್ತಿದೆ, ನಿಮ್ಗೆ ಹೇಗಾಗ್ಬೇಕು?”

ಹೆಗಲ ಶಾಲು ತೆಗೆದು ಎರಡು ಕೈಯಲ್ಲಿ ಜೋಳಿಗೆಯಂತೆ ಹಿಡಿದಳು. “ಟೋಪಿ ಬೇಡ ಭಾಯಿ, ನಿನ್ ಟೋಪಿ ಕೆಡೋದ್ ಬೇಡ. ಎಲ್ಲ ಇದರಲ್ಲಿ ಸುರಿ. ಕೂಡದು ಅನ್ನೋರು ತಮ್ಮ ಗುರುತು ಆರಿಸ್ಕೊಂಡ್ ಮನೆಗ್ ಹೋಗ್ಲಿ, ಅವರ ಪಾಲು ನಮಗುಳಿಯುತ್ತೆ.”

ದಲ್ಬೀರ್ ಒಂದು ಕ್ಷಣವೂ ತಡಮಾಡದೆ ಸುರಿದ. ಯಾರೂ ಗುರುತು ಆರಿಸಿಕೊಳ್ಳಲಿಲ್ಲ. ಮಡಿ ಇದ್ದದ್ದು ಟೋಪಿಗೆ, ಕಟ್ಟಿಗೆಗಲ್ಲ.

“ಬಾ,” ಎಂದು ಖಿನಮಾಯಾ ಕೂಗಿದಳು.

ಮೋತಿಸರಾ ಬಂದಳು. ಮುಷ್ಟಿಯಲ್ಲಿ ಒಂದು ಡೊಂಕು ಮೊಳೆಯಿತ್ತು. ಶಾಲಿನಿಂದ ಒಂದು ಗೇಣು ಮೇಲೆ ಕೈ ನಿಲ್ಲಿಸಿ, ನೀರು ಹುಯ್ಯುವ ಹಾಗೆ, ತಾಗದಂತೆ ಬಿಟ್ಟಳು. ಅಷ್ಟರಲ್ಲಿ ಖಿನಮಾಯಾಳ ಕೈ ಶಾಲಿನ ಸಮೇತ ಬೆರಳಗಲ ಹಿಂದಕ್ಕೆ ಸರಿಯಿತು. ಮೊಳೆ ಅಂಚಿಗೆ ತಾಗಿ ಒಳಗೆ ಬಿತ್ತು. ಬೇರೆ ಯಾರಿಗೂ ಕಾಣಲಿಲ್ಲ. ಮೋತಿಸರಾಗೆ ಕಂಡಿತು. ಅವಳು ಮೊದಲಿದ್ದ ಜಾಗಕ್ಕೆ ಹೋಗಿ ನಿಂತಳು.

ರಣೆ ಕಾಕಾ ಒಂದೊಂದೇ ತೆಗೆದು ಇಟ್ಟುಕೊಂಡು ಹೋದ. “ಇದ್ಯಾರ್ದಪ್ಪ ಮೊಳೆ? ಚುಚ್ತು,” ಅಂದ ನಡುವೆ. ಮೊಳೆ ಅಧ್ಯಕ್ಷನ ಪಕ್ಕದ ಗುಡ್ಡೆಗೆ ಬಿತ್ತು. ದಪ್ಪ ದಪ್ಪ ಕಟುಸ್ ತುಂಡುಗಳನ್ನು ಮೋತಿಸರಾ ಹಗ್ಗದಲ್ಲಿ ಬಿಗಿದು, ಹೊರೆಯ ಪಟ್ಟಿಯನ್ನು ಹಣೆಗೆ ಏರಿಸಿ ಎದ್ದಳು. ಎರಡು ಸಲ ಬಂದು ಹೊತ್ತಳು. ಕೊನೆಗೆ ಖಿನಮಾಯಾಳ ಕೊಡಲಿಯನ್ನು ನೆಲದಿಂದ ಎತ್ತಿಕೊಂಡು, “ಹುಣ್ಣಿಮೆ ಕಳೆದ್ಮೇಲೆ ಬನ್ನಿ ದಿದಿ, ಇದ್ದಿಲು ಸುಟ್ಟು ಹದ ಮಾಡಿಟ್ಟಿರ್ತೀನಿ,” ಅಂದಳು. ಕುಲುಮೆ ಒಂದು ವರ್ಷಕ್ಕೆ ಉಳಿಯಿತು.

ಉಳಿದವರು ತಮ್ಮ ತಮ್ಮ ಗುಡ್ಡೆ ಕೆದಕಿ ನೋಡಿಕೊಳ್ಳುತ್ತಿದ್ದರು.

“ನಮ್ಮದರಲ್ಲಿ ಉತ್ತೀಸ ಬಂದಿದೆಯಲ್ಲ!”

“ನಮ್ಮದರಲ್ಲೂ ನಾಲ್ಕು. ಇಷ್ಟು ವರ್ಷ ಬಂದಿರ್ಲಿಲ್ಲ.”

“ದಿದಿಗೆ ವಯಸ್ಸಾಯ್ತು,” ಅಂದ ದಲ್ಬೀರ್, ಟೋಪಿಯನ್ನು ಕೊಡವಿ ತಲೆಗೇರಿಸುತ್ತ. “ಕಣ್ಣು ಮೊದಲಿನ ಹಾಗಿಲ್ಲ. ಬರೋ ವರ್ಷ ಪಾಲು ಹಾಕೋಕೆ ಬೇರೆ ಯಾರನ್ನಾದ್ರೂ ನೋಡಿದ್ರಾಯ್ತು.”

ತಕ್ಕಡಿ ಮೊದಲ ಸಲ ಸರಿಯಾಗಿ ತೂಗಿದ ದಿನ ಊರು ಅದನ್ನು ಆಚೆಗಿಟ್ಟಿತು. ಖಿನಮಾಯಾ ಉಳಿದ ಗುಡ್ಡೆಯನ್ನು ಹೊರೆ ಕಟ್ಟಿ ಹೊತ್ತು ಇಳಿದಳು. ಉಳಿದ ಗುಡ್ಡೆಯನ್ನು ಹೊರೆ ಕಟ್ಟಿ ಹೊತ್ತು ಇಳಿದಳು. ದಾರಿಯುದ್ದಕ್ಕೂ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬರುತ್ತಲೇ ಇತ್ತು. ಮೊಬೈಲ್ ನೋಡಿದ ಮುಖಗಳು, ಟೋಪಿ ಮುಚ್ಚಿದ ಕೈ, ಕೇಸರಿಯ ‘ಎಳೆದ್ರಾಯ್ತು’. ಇವರ ಜೊತೆ ಒಂದೇ ಝರಿಯ ನೀರು ಕುಡಿಯಬೇಕಲ್ಲ ಅನ್ನಿಸಿತು.

ಮನೆಯ ಮುಂದೆ ಹೊರೆ ಇಳಿಸಿದಾಗ ಮುಸ್ಸಂಜೆಯಾಗಿತ್ತು. ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದಳು. ದದ್ದು ಎದ್ದ ಮೊಣಕೈಗೆ ತಣ್ಣೀರು ಹಿತವಾಯಿತು. ಬೊಗಸೆಯಲ್ಲಿ ಇನ್ನೊಂದಿಷ್ಟು ನೀರು ಹಿಡಿದು, ತಲೆ ಓರೆ ಮಾಡಿ, ಕಿವಿಯ ಚಿನ್ನಕ್ಕೆ ಮುಟ್ಟಿಸಿ, ಹೆಗಲ ಶಾಲಿನ ಮೇಲೆ ಚಿಮುಕಿಸಿಕೊಂಡಳು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಕೈ ಗಾಳಿಯಲ್ಲೇ ನಿಂತಿತು.

ನೀರು ಮೊಣಕೈವರೆಗೆ ಇಳಿಯಿತು. ಅವಳು ಆ ಕೈಯನ್ನು ಬಹಳ ಹೊತ್ತು ನೋಡಿದಳು. ಇಪ್ಪತ್ತಾರು ವರ್ಷ ಉತ್ತೀಸ ಎಸೆದದ್ದು ಇದೇ ಕೈ. ಶಾಲು ಒಡ್ಡಿದ್ದೂ ಇದೇ, ಬೆರಳಗಲ ಹಿಂದೆ ಸರಿದದ್ದೂ ಇದೇ.

“ಛೀ,” ಅಂದಳು.

ಒಳಗೆ ಒಲೆಯ ಮುಂದೆ ಕುಳಿತಿದ್ದ ಜಿತೆಗೆ ಕೇಳಿಸಿತು. ಅವನು ಗಾಬರಿಯಿಂದ ಮೊದಲು ತನ್ನ ಮೂಗು ಮುಟ್ಟಿಕೊಂಡ, ಆಮೇಲೆ ಕಂಬ ನೋಡಿದ.

“ನಾನೇನೂ ಮಾಡಿಲ್ವಲ್ಲೇ,” ಎಂದು ಕೂಗಿದ. “ಕೋಳಿನೂ ಹೊರಗೇ ಇದೆ. ಯಾರಿಗೆ ಅಂದಿದ್ದು?”

ಹೊರಗೆ ನಲ್ಲಿ ಸುಮಾರು ಹೊತ್ತು ಸುರಿಯುತ್ತಲೇ ಇತ್ತು.